ಅಬ್‌ಸ್ಟ್ರಾಕ್ಟ್ ಆಕ್ಸೆಪ್ಟ್ ಆಯ್ತು, ಟಿಕೆಟ್‌ಗೆ ದುಡ್ಡು ಎಲ್ಲಿಂದ ತರೋದು?

ಪಾವಗಡ_ಬೋರ್‌ವೆಲ್

ಎಲ್ರಿಗೂ ನಮಸ್ಕಾರ. ಪಿಎಚ್‌ಡಿ ನಾಲ್ಕನೇ ವರ್ಷ, ಒಂದು ಸ್ಟೇಟ್ ಯೂನಿವರ್ಸಿಟಿ, ಹೆಸ್ರು ಬೇಡ ಬಿಡಿ. ನನ್ ಕೆಲ್ಸ ಪಾವಗಡ ಸುತ್ತಮುತ್ತ ಬೋರ್‌ವೆಲ್ ನೀರಿನ ಫ್ಲೋರೈಡ್ ಮೇಲೆ, ಮಳೆಗಾಲ ಮುಗಿದ್ಮೇಲೂ ಕೆಲವು ಊರಲ್ಲಿ ಯಾಕೆ ಲೀಟರ್‌ಗೆ 1.5 ಮಿಲಿಗ್ರಾಂ ಅನ್ನೋ ಮಿತಿಗಿಂತ ಕೆಳಗೆ ಬರೋದೇ ಇಲ್ಲ ಅಂತ ನೋಡ್ತಾ ಇದೀನಿ. ಮೂರು ವರ್ಷ ಪ್ಲಾಸ್ಟಿಕ್ ಬಾಟಲಿ ತುಂಬಿದ ಚೀಲ ಹೊತ್ಕೊಂಡು ಬಸ್ಸಲ್ಲಿ ಓಡಾಡಿದೀನಿ, ಕಂಡಕ್ಟರ್‌ಗಳಿಗೆಲ್ಲ ನಾನು ನೀರಮ್ಮ.

ಈಗ ವಿಷ್ಯ ಏನಂದ್ರೆ ವಿಯೆನ್ನಾದಲ್ಲಿ ನಡೆಯೋ ಇಜಿಯು ಅಂದ್ರೆ ಯುರೋಪಿಯನ್ ಜಿಯೋಸೈನ್ಸಸ್ ಯೂನಿಯನ್ ಮೀಟಿಂಗ್‌ಗೆ ಜನವರಿಯಲ್ಲಿ ಲಾಸ್ಟ್ ಡೇಟ್ ದಿನ ರಾತ್ರಿ ಅಬ್‌ಸ್ಟ್ರಾಕ್ಟ್ (ನನ್ ಕೆಲ್ಸದ ಸಾರಾಂಶ) ಹಾಕಿದ್ದೆ, ಹಾಕಿ ಮರೆತೇಬಿಟ್ಟಿದ್ದೆ, ಮೊನ್ನೆ ಮೇಲ್ ಬಂತು, ಓರಲ್ ಕೊಟ್ಟಿದಾರೆ! ಪೋಸ್ಟರ್ ಅಂಟಿಸಿ ನಿಲ್ಲೋದಲ್ಲ, ಓರಲ್, ಅಂದ್ರೆ ವೇದಿಕೆ ಮೇಲೆ ಮಾತು! ಲ್ಯಾಬಲ್ಲಿ ಕುಣಿದು ಆಯ್ತು, ಮನೆಗೆ ಫೋನ್ ಮಾಡಿ ಆಯ್ತು, ಅಪ್ಪ ಊರಲ್ಲೆಲ್ಲ ಹೇಳಿಯೂ ಆಯ್ತು. ಆಮೇಲೆ ಟಿಕೆಟ್ ನೋಡಿದ್ರೆ ಹೋಗಿ ಬರೋಕೆ 70 ಸಾವಿರದ ಹತ್ರ, ಅದರ ಮೇಲೆ ರಿಜಿಸ್ಟ್ರೇಶನ್, ವೀಸಾ, ರೂಮು. ಗೈಡ್ ಪಾಪ ಒಳ್ಳೆಯವ್ರು, ಆದ್ರೆ ಪ್ರಾಜೆಕ್ಟ್‌ನಲ್ಲಿ ಟ್ರಾವೆಲ್ ಹೆಡ್‌ನಲ್ಲಿ ಇರೋದು ಫೀಲ್ಡಿಗೆ ಹೋಗೋ ಡೀಸೆಲ್ ದುಡ್ಡು ಅಷ್ಟೇ. ಫೆಲೋಶಿಪ್ ದುಡ್ಡು ಬರದೇ ನಾಲ್ಕು ತಿಂಗಳಾಯ್ತು.

ಮೀಟಿಂಗ್ ಏಪ್ರಿಲ್ ಕೊನೇಲಿ, ಈಗ ಮಾರ್ಚ್ ಅರ್ಧ. ಯಾರಾದ್ರೂ ಟ್ರಾವೆಲ್ ಗ್ರ್ಯಾಂಟ್ ತಗೊಂಡು ಹೋಗಿದೀರಾ? ಎಲ್ಲಿ ಅಪ್ಲೈ ಮಾಡ್ಬೇಕು? ಅಪ್ಪ ಹಸು ಮಾರ್ತೀನಿ ಅಂತಿದಾರೆ, ಅದೊಂದು ಆಗಬಾರ್ದು.

ಬೆಣ್ಣೆದೋಸೆ_ಜರ್ಮನಿ

ಮೊದ್ಲು ಕಂಗ್ರಾಟ್ಸ್. ಅಷ್ಟು ಸಾವಿರ ಅಬ್‌ಸ್ಟ್ರಾಕ್ಟ್ ಮಧ್ಯೆ ಓರಲ್ ಸಿಕ್ಕಿರೋದು ಸಣ್ಣ ಮಾತಲ್ಲ.

ಇನ್ನು ಬೇಜಾರಿನ ವಿಷ್ಯ. ನೀವು ಜನವರಿಯಲ್ಲಿ ಹಾಕಿದ್ದೀನಿ ಅಂದ್ರಲ್ಲ, ಅಲ್ಲೇ ಕೈ ತಪ್ಪಿದ್ದು. ಇಜಿಯುದೇ ಟ್ರಾವೆಲ್ ಸಪೋರ್ಟ್ ಇದೆ, ರೋಲಾಂಡ್ ಶ್ಲಿಶ್ ಅನ್ನೋರ ಹೆಸರಲ್ಲಿ, ಸಿಕ್ಕಿದ್ರೆ ರಿಜಿಸ್ಟ್ರೇಶನ್ ಬಿಟ್ಬಿಡ್ತಾರೆ, ಪ್ರಯಾಣದ ಖರ್ಚಲ್ಲೂ ಒಂದು ಭಾಗ ಕೊಡ್ತಾರೆ. ಆದ್ರೆ ಅದು ಬೇಕು ಅನ್ನೋರು ಅಬ್‌ಸ್ಟ್ರಾಕ್ಟನ್ನ ಡಿಸೆಂಬರ್ ಶುರುವಲ್ಲೇ ಹಾಕ್ಬೇಕು. ಎಲ್ರಿಗೂ ಜನವರಿ ಮಧ್ಯ, ದುಡ್ಡು ಬೇಕಾದವ್ರಿಗೆ ಒಂದೂವರೆ ತಿಂಗಳು ಮೊದ್ಲು. ದುಡ್ಡು ಯಾರಿಗೆ ಬೇಕೋ ಅವ್ರಿಗೇ ಈ ಸುದ್ದಿ ಲೇಟಾಗಿ ಗೊತ್ತಾಗೋದು, ನನಗೂ ಮೊದಲ್ನೇ ಸಲ ಹೀಗೇ ಆಗಿತ್ತು.

ಇಂಡಿಯಾದಲ್ಲಿ ದೊಡ್ಡದು ಅಂದ್ರೆ ಕೇಂದ್ರ ಸರ್ಕಾರದ ಸಂಶೋಧನಾ ಮಂಡಳಿ ಎಸ್‌ಇಆರ್‌ಬಿಯ ಇಂಟರ್‌ನ್ಯಾಷನಲ್ ಟ್ರಾವೆಲ್ ಸಪೋರ್ಟ್, ಐಟಿಎಸ್ ಅಂತೀವಲ್ಲ ಅದು. 2023ರ ಕಾಯ್ದೆ ಆದ್ಮೇಲೆ ಎಸ್‌ಇಆರ್‌ಬಿ ಹೋಗಿ ಎಎನ್‌ಆರ್‌ಎಫ್ (ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್) ಆಗಿದೆ, ಹಳೇ ಬ್ಲಾಗ್ ಪೋಸ್ಟ್ ಓದ್ಕೊಂಡು ಹಳೇ ಸೈಟಿಗೆ ಹೋಗ್ಬೇಡಿ. ಎಕಾನಮಿ ಟಿಕೆಟ್, ರಿಜಿಸ್ಟ್ರೇಶನ್, ವೀಸಾ ಫೀ ಇಷ್ಟಕ್ಕೆ ಅದು. ಊಟ ವಸತಿ ನಿಮ್ದೇ. ಬಯಾಲಜಿಯವ್ರಿಗೆ ಕೇಂದ್ರದ ಬಯೋಟೆಕ್ನಾಲಜಿ ಇಲಾಖೆ ಡಿಬಿಟಿದು ಸಿಟೆಪ್ ಅನ್ನೋ ಸ್ಕೀಮ್ ಇದೆ, ಸಿಎಸ್‌ಐಆರ್‌ದೂ ಇದೆ, ಕಂಪ್ಯೂಟರ್ ಸೈನ್ಸ್‌ನವ್ರಿಗೆ ಎಸಿಎಂ ಇಂಡಿಯಾ ಮತ್ತು ಐಎಆರ್‌ಸಿಎಸ್ ಅನ್ನೋ ಸಂಘಗಳು ಸೇರಿ ಕೊಡೋದಿದೆ. ಇವೆಲ್ಲ ತಿಂಗಳುಗಟ್ಟಲೆ ಮೊದ್ಲು ಹಾಕೋವಂಥವು. ಆರು ವಾರ ಇಟ್ಕೊಂಡು ಹಾಕಿದ್ರೆ ನಿಮ್ ಫೈಲ್ ಯಾರಾದ್ರೂ ತೆಗೆಯೋ ಹೊತ್ತಿಗೆ ವಿಯೆನ್ನಾದಲ್ಲಿ ಕುರ್ಚಿ ಮಡಿಚಿ ಇಟ್ಟಿರ್ತಾರೆ.

ನೇರವಾಗಿ ಹೇಳ್ತೀನಿ, ಈ ವರ್ಷ ಹೋಗ್ಬೇಡಿ. ಇಜಿಯು ಈಗ ಹೈಬ್ರಿಡ್, ಓರಲನ್ನ ಮನೆಯಿಂದ್ಲೇ ಕೊಡಬಹುದು. ಸೆಷನ್ ನಡೆಸೋ ಕನ್ವೀನರ್‌ಗೆ ಇವತ್ತೇ ಮೇಲ್ ಹಾಕಿ ಆನ್‌ಲೈನ್ ಕೊಡ್ತೀನಿ ಅನ್ನಿ. ಮುಂದಿನ ವರ್ಷಕ್ಕೆ ನವೆಂಬರ್‌ನಲ್ಲೇ ರೆಡಿ ಆಗಿ. ಹಸು ಮುಟ್ಬೇಡಿ.

ಹುಬ್ಬಳ್ಳಿ_ಕೆಮಿಸ್ಟ್ರಿ

ಅಕ್ಕಾರ, ದೋಸಿ ಸಾಹೇಬ್ರು ಹೇಳಿದ್ದು ಖರೇ ಐತ್ರಿ. ಆದ್ರ ಒಂದು ಮಾತು ಅವ್ರು ಬಿಟ್ರು. ಗ್ರ್ಯಾಂಟ್ ಸಿಕ್ಕೂ ದುಡ್ಡು ಕೈಯಾಗ ಇರಂಗಿಲ್ಲ. ಬಹಳಷ್ಟು ಎಲ್ಲಾ ರಿಇಂಬರ್ಸ್‌ಮೆಂಟ್. ಅಂದ್ರ ಮೊದ್ಲು ನೀವ್ ಖರ್ಚು ಮಾಡ್ಬೇಕು, ಹೋಗಿ ಬರ್ಬೇಕು, ಆಮ್ಯಾಲೆ ಬಿಲ್ ಹಚ್ಬೇಕು, ಆಮ್ಯಾಲೆ ಕಾಯ್ಬೇಕು.

ನಂದು ಹೇಳ್ತೀನಿ ಕೇಳ್ರಿ. ಸ್ಯಾಂಕ್ಷನ್ ಲೆಟರ್ ಬಂತು, ಗೆಳ್ಯಾರಿಗೆಲ್ಲ ಗಿರಮಿಟ್ ಪಾರ್ಟಿ ಕೊಟ್ಟೆ. ಮರುದಿನ ಲೆಟರ್ ಪೂರ್ತಿ ಓದಿದ್ರ ತಿಳೀತು, ರೊಕ್ಕ ಬರೂದು ಬಂದ ಮ್ಯಾಲೆ ಅಂತ. ನಮ್ ಸರ್ ಅವ್ರ ಕ್ರೆಡಿಟ್ ಕಾರ್ಡ್ ಮ್ಯಾಲೆ ಟಿಕೆಟ್ ತಗದ್ರು, ಉಳಿದದ್ದು ನಮ್ಮಕ್ಕನ ಗಂಡ ಕೊಟ್ರು. ಲಿಸ್ಬನ್‌ನ್ಯಾಗ ಐದು ದಿನ ಹಾಸ್ಟೆಲ್ ಡಾರ್ಮಿಟ್ರಿ, ಎಂಟು ಮಂದಿ ಒಂದು ಖೋಲಿ, ಅವ್ವ ಕಟ್ಟಿ ಕೊಟ್ಟಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಕೆಳಗಿನ ಬಂಕ್‌ನ ಬ್ರೆಜಿಲ್ ಹುಡುಗ ರೊಟ್ಟಿ ನೋಡಿ ಇದು ಸಿರಾಮಿಕ್ ಸ್ಯಾಂಪಲ್ಲಾ ಅಂತ ಕೇಳಿದ. ಬಂದ ಮ್ಯಾಲೆ ಬಿಲ್ ಕೊಟ್ಟೆ. ರೊಕ್ಕ ಬಂದದ್ದು ಹನ್ನೊಂದು ತಿಂಗಳಿಗೆ. ಅಷ್ಟೂ ತಿಂಗಳು ಸರ್ ಒಂದು ಮಾತು ಕೇಳ್ಲಿಲ್ಲ, ನಾ ಅವ್ರ ಮುಂದ ಹೋಗೂದ ಬಿಟ್ಟಿದ್ದೆ, ನಾಚಿಕೀಲೆ.

ಅದಕ್ಕ ಮೊದ್ಲ ಕೇಳೂ ಪ್ರಶ್ನಿ ಎಷ್ಟು ಕೊಡ್ತಾರ ಅಂತ ಅಲ್ರಿ, ಯಾವಾಗ ಕೊಡ್ತಾರ ಅಂತ. ಒಂದಿಷ್ಟು ಸೊಸೈಟಿಯವ್ರು ಮೇಲ್ ಹಾಕಿ ಕೇಳಿದ್ರ ರಿಜಿಸ್ಟ್ರೇಶನ್ನರೆ ಮೊದ್ಲ ಮಾಫ್ ಮಾಡ್ತಾರ. ಯೂನಿವರ್ಸಿಟಿಯಾಗೂ ಅಡ್ವಾನ್ಸ್ ಕೇಳ್ರಿ, ಕೇಳಿದ್ರ ಏನ್ ಬಡೀತಾರೇನು.

ಬಿಲ್_ಸೆಕ್ಷನ್

ನಾನು ಸೈಂಟಿಸ್ಟ್ ಅಲ್ಲ, ಒಂದು ಸಂಸ್ಥೆಯ ಅಕೌಂಟ್ಸ್‌ನಲ್ಲಿ ಇದೀನಿ, ನೀವೆಲ್ಲ ಬೈಯೋದು ನಮ್ಮಂಥವ್ರನ್ನೇ. ಹನ್ನೊಂದು ತಿಂಗಳು ಅನ್ನೋದು ಜಾಸ್ತಿ ಆಯ್ತು, ಒಪ್ತೀನಿ. ಆದ್ರೆ ಅರ್ಧ ಬಿಲ್ಲು ವಾಪಸ್ ಹೋಗೋದು ಸಣ್ಣ ಸಣ್ಣ ಕಾರಣಕ್ಕೆ, ಅದನ್ನ ಹೇಳ್ತೀನಿ.

ಟಿಕೆಟ್ ಎಲ್ಲಿ ಬುಕ್ ಮಾಡ್ಬೇಕು ಅಂತ ಸ್ಯಾಂಕ್ಷನ್ ಲೆಟರ್‌ನಲ್ಲೇ ಇರುತ್ತೆ, ಯಾರೂ ಓದಲ್ಲ. ಮೊದ್ಲು ಸರ್ಕಾರಿ ದುಡ್ಡು ಅಂದ್ರೆ ಏರ್ ಇಂಡಿಯಾನೇ ಆಗ್ಬೇಕಿತ್ತು. 2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾದವ್ರ ಕೈಗೆ ಹೋಯ್ತು, ಅದೇ ಹೊತ್ತಿಗೆ ಕೇಂದ್ರ ಸರ್ಕಾರದ ಖರ್ಚಿನ ಪ್ರಯಾಣಕ್ಕೆ ಬಾಲ್ಮರ್ ಲಾರಿ, ಅಶೋಕ್ ಟ್ರಾವೆಲ್ಸ್, ಐಆರ್‌ಸಿಟಿಸಿ ಈ ಮೂರು ಕಡೆ ಮಾತ್ರ ಬುಕ್ ಮಾಡ್ಬೇಕು ಅಂತ ಆಯ್ತು. ನಿಮ್ ಗ್ರ್ಯಾಂಟ್‌ಗೂ ಅದೇ ಷರತ್ತು ಹಾಕಿದ್ರೆ ಬೇರೆ ಆ್ಯಪ್‌ನಲ್ಲಿ ನಾಲ್ಕು ಸಾವಿರ ಕಮ್ಮಿಗೆ ಸಿಕ್ತು ಅಂತ ತಗೊಂಡು ಬಂದ್ರೆ ಪೂರ್ತಿ ಟಿಕೆಟ್ಟೇ ಹೋಗುತ್ತೆ. ಕಮ್ಮಿಗೆ ತಂದಿದೀನಲ್ಲ ಸರ್ ಅಂತ ವಾದ ಮಾಡ್ತಾರೆ, ನಮಗೂ ಅರ್ಥ ಆಗುತ್ತೆ, ಆಡಿಟ್‌ನವ್ರಿಗೆ ಆಗಲ್ಲ.

ಇನ್ನೊಂದು ಶಾರ್ಟೆಸ್ಟ್ ರೂಟ್. ಒಬ್ಬ ಹುಡುಗ ಬರೋವಾಗ ದುಬೈನಲ್ಲಿ ಚಿಕ್ಕಪ್ಪನ ಮನೇಲಿ ಎರಡು ದಿನ ಇದ್ದು ಬಂದ, ತಪ್ಪೇನಿಲ್ಲ, ಆದ್ರೆ ಮೊದ್ಲೇ ಬರೆದು ಪರ್ಮಿಷನ್ ತಗೊಂಡಿರ್ಲಿಲ್ಲ. ಬಿಲ್ ಮೂರು ಸಲ ಹೋಗಿ ಬಂತು. ಬೋರ್ಡಿಂಗ್ ಪಾಸ್ ಕಳ್ಕೊಳ್ಬೇಡಿ, ಹೋಗೋದು ಬರೋದು ಎರಡೂ, ಕನೆಕ್ಟಿಂಗ್ ಫ್ಲೈಟ್‌ದೂ. ಪುಸ್ತಕದ ಮಧ್ಯೆ ಬುಕ್‌ಮಾರ್ಕ್ ಮಾಡಿ ಇಟ್ಟು ಆ ಪುಸ್ತಕನ ಪ್ಲೇನಲ್ಲೇ ಬಿಟ್ಟು ಬಂದವ್ರು ಇದಾರೆ.

ಅಡ್ವಾನ್ಸ್ ಬಗ್ಗೆ ಹುಬ್ಬಳ್ಳಿಯವ್ರು ಹೇಳಿದ್ದು ಸರಿ. ಲೆಟರ್ ಜೊತೆ ಗೈಡ್ ಸಹಿ ಹಾಕಿಸಿ ಅರ್ಜಿ ಕೊಟ್ರೆ ಕೆಲವು ಕಡೆ ಕೊಡ್ತಾರೆ. ಅರ್ಜಿಯನ್ನೇ ಯಾರೂ ಕೊಡಲ್ಲ, ಅದು ನನ್ ಕಂಪ್ಲೇಂಟು.

ಪಾವಗಡ_ಬೋರ್‌ವೆಲ್

ಎಲ್ರಿಗೂ ಥ್ಯಾಂಕ್ಸ್. ಡಿಸೆಂಬರ್ ವಿಷ್ಯ ಓದಿ ತಲೆ ಚಚ್ಕೊಂಡೆ, ವೆಬ್‌ಸೈಟಲ್ಲಿ ದೊಡ್ಡದಾಗೇ ಬರೆದಿದಾರೆ, ನಾನೇ ನೋಡಿಲ್ಲ. ಕನ್ವೀನರ್‌ಗೆ ಮೇಲ್ ಹಾಕಿದೆ, ಅರ್ಧ ಗಂಟೇಲಿ ಉತ್ತರ ಬಂತು, ಆನ್‌ಲೈನ್ ಕೊಡಿ ತೊಂದ್ರೆ ಇಲ್ಲ ಅಂತ.

ಇನ್ನೊಂದು ಕೇಳ್ಬೇಕಿತ್ತು. ನಿನ್ನೆ ಒಂದು ಮೇಲ್ ಬಂದಿದೆ, ನನಗೆ ಯಂಗ್ ಸೈಂಟಿಸ್ಟ್ ಅವಾರ್ಡ್ ಕೊಡ್ತಾರಂತೆ, ಬ್ಯಾಂಕಾಕ್‌ನಲ್ಲಿ ಕಾನ್ಫರೆನ್ಸು, ಮೊಮೆಂಟೋ ಸರ್ಟಿಫಿಕೇಟ್ ಎಲ್ಲ ಇದೆ, ಪ್ರೋಸೆಸಿಂಗ್ ಫೀ 12 ಸಾವಿರ ಅಂತೆ. ವಿಯೆನ್ನಾಗಿಂತ ಬ್ಯಾಂಕಾಕ್ ಅಗ್ಗ ಅಲ್ವಾ? ನಮ್ ಲ್ಯಾಬ್ ಸೀನಿಯರ್ ಒಬ್ರು ಸಿವಿಗೆ ಒಳ್ಳೇದು ತಗೋ ಅಂತಿದಾರೆ.

ಮಿಕ್ಸರ್_ಗ್ರೈಂಡರ್

ಬೇಡ ಬೇಡ ಬೇಡ. ಆ ಮೇಲ್‌ನ ಶುರುವಲ್ಲಿ ಎಮಿನೆಂಟ್ ಪ್ರೊಫೆಸರ್ ಅಂತ ಇದೆಯಾ? ಪಿಎಚ್‌ಡಿ ಸ್ಟೂಡೆಂಟನ್ನ ಎಮಿನೆಂಟ್ ಅಂದ್ರೆ ಅಲ್ಲೇ ಅರ್ಥ ಮಾಡ್ಕೊಬೇಕು.

ನಾನು ಇಂಥದ್ದಕ್ಕೆ ಹೋಗಿ ಬಂದವ್ನು, ಮರ್ಯಾದೆ ಬಿಟ್ಟು ಹೇಳ್ತೀನಿ. ಹೆಸ್ರು ಇಂಟರ್‌ನ್ಯಾಷನಲ್ ಕಾನ್ಫರೆನ್ಸ್, ಒಂದು ಹೋಟೆಲ್‌ನ ಮದುವೆ ಹಾಲಿನಂಥ ರೂಮು. ಅದೇ ರೂಮಲ್ಲಿ ನಾನು ಪಾಲಿಮರ್ ಬಗ್ಗೆ ಮಾತಾಡಿದ್ಮೇಲೆ ಒಬ್ರು ಆಡು ಸಾಕಾಣಿಕೆ ಬಗ್ಗೆ, ಆಮೇಲೆ ಇನ್ನೊಬ್ರು ಬ್ಯಾಂಕಿಂಗ್ ಬಗ್ಗೆ. ಕೇಳೋಕೆ ಇದ್ದವ್ರು ಯಾರು ಅಂದ್ರೆ ಮುಂದೆ ಮಾತಾಡೋಕೆ ಕಾಯ್ತಿದ್ದವ್ರು. ಪ್ರಶ್ನೆ ಕೇಳಿದ್ದು ಒಬ್ರೇ, ಅದೂ ಊಟ ಎಷ್ಟೊತ್ತಿಗೆ ಅಂತ. ಕೊನೇಲಿ ಎಲ್ರಿಗೂ ಬೆಸ್ಟ್ ಪೇಪರ್. ಎಲ್ರಿಗೂ! ಆ ಮೊಮೆಂಟೋ ಈಗ ನಮ್ಮನೇಲಿ ಮಿಕ್ಸಿ ಪಕ್ಕ ಇದೆ, ಅಮ್ಮ ಅದಕ್ಕೆ ದಿನಾ ಹೂವು ಇಡ್ತಾರೆ, ನನಗೆ ಹೇಳೋಕೆ ಬಾಯಿ ಬರಲ್ಲ.

ನಿಜವಾದ ಅವಾರ್ಡ್ ನಿಮ್ಮಿಂದ ದುಡ್ಡು ಕೇಳಲ್ಲ, ನಿಮಗೆ ಕೊಡುತ್ತೆ. ಇಜಿಯುದೇ ತಗೊಳ್ಳಿ, ಸ್ಟೂಡೆಂಟ್‌ಗಳ ಪೋಸ್ಟರ್‌ಗೆ ಓಎಸ್‌ಪಿಪಿ ಅಂತ ಬಹುಮಾನ ಇದೆ, ಗೆದ್ದವ್ರಿಗೆ ಮುಂದಿನ ವರ್ಷ ರಿಜಿಸ್ಟ್ರೇಶನ್ ಫ್ರೀ, ಅವ್ರ ಜರ್ನಲ್‌ನಲ್ಲಿ ಪೇಪರ್ ಹಾಕೋಕೂ ಫೀ ಇಲ್ಲ. ಅದು ಸಿವಿಗೆ ಬೆಲೆ. 12 ಸಾವಿರ ಕೊಟ್ಟು ತಗೊಂಡಿದ್ದನ್ನ ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ಒಬ್ರಾದ್ರೂ ಕಂಡು ಹಿಡೀತಾರೆ, ಸುಮ್ನೆ ನಕ್ಕು ಮುಂದಿನ ಪೇಜ್ ತಿರುಗಿಸ್ತಾರೆ, ಆ ನಗು ನೋಡಿದೀನಿ.

ಮಗು_ಮತ್ತು_ಮೈಕ್ರೋಸ್ಕೋಪ್

ಲೇಟಾಗಿ ನೋಡ್ತಿದೀನಿ, ಮಗು ಮಲಗಿದ್ಮೇಲೇ ನನ್ ಇಂಟರ್‌ನೆಟ್. ಮುಂದಿನ ವರ್ಷಕ್ಕೆ ಅಂತ ಹೇಳ್ತೀನಿ.

ಒಂದೇ ಮೀಟಿಂಗ್ ನೆಚ್ಕೊಂಡು ಕೂರ್ಬೇಡಮ್ಮ. ಅಮೆರಿಕದ ಎಜಿಯು ಅಂದ್ರೆ ಅಮೆರಿಕನ್ ಜಿಯೋಫಿಸಿಕಲ್ ಯೂನಿಯನ್‌ನಲ್ಲಿ ಲಾಯ್ಡ್ ಬರ್ಕ್‌ನರ್ ಹೆಸರಲ್ಲಿ ಟ್ರಾವೆಲ್ ಫೆಲೋಶಿಪ್ ಇದೆ, 35 ವರ್ಷದೊಳಗಿನ ಮೆಂಬರ್‌ಗಳಿಗೆ, ವರ್ಲ್ಡ್ ಬ್ಯಾಂಕ್ ಲಿಸ್ಟ್‌ನಲ್ಲಿ ಕಮ್ಮಿ ಅಥವಾ ಕೆಳಮಧ್ಯಮ ಆದಾಯದ ದೇಶಗಳಲ್ಲಿ ಇರೋರಿಗೆ ಅಂತ. ಗೋಲ್ಡ್‌ಶ್ಮಿಟ್ ಅಂತ ಜಿಯೋಕೆಮಿಸ್ಟ್ರಿಯವ್ರದ್ದೇ ಮೀಟಿಂಗ್ ಇದೆ, ಅಲ್ಲೂ ಸ್ಟೂಡೆಂಟ್ ಗ್ರ್ಯಾಂಟ್ ಇರುತ್ತೆ, ನಿನ್ ಕೆಲ್ಸಕ್ಕೆ ಅದೇ ಇನ್ನೂ ಹತ್ರ. ಫಿಸಿಕ್ಸ್ ಮ್ಯಾಥ್ಸ್‌ನವ್ರು ಯಾರಾದ್ರೂ ಓದ್ತಿದ್ರೆ, ಇಟಲಿಯ ಟ್ರಿಯೆಸ್ಟೆಯಲ್ಲಿ ಐಸಿಟಿಪಿ ಅನ್ನೋ ಥಿಯರೆಟಿಕಲ್ ಫಿಸಿಕ್ಸ್ ಕೇಂದ್ರ ಇದೆ, 1964ರಲ್ಲಿ ಅಬ್ದುಸ್ ಸಲಾಂ ಕಟ್ಟಿದ್ದು, ನಮ್ಮಂಥ ದೇಶದ ಹುಡುಗ್ರಿಗೆ ಅಂತಾನೇ. ಅಲ್ಲಿ ರಿಜಿಸ್ಟ್ರೇಶನ್ ಫೀ ಅನ್ನೋದೇ ಇಲ್ಲ, ಕೆಲವ್ರಿಗೆ ಪ್ರಯಾಣದ ಖರ್ಚೂ ಕೊಡ್ತಾರೆ. ವಿದೇಶಾನೇ ಆಗ್ಬೇಕು ಅಂತೇನಿಲ್ಲ, ಹೆಸರಘಟ್ಟ ಹತ್ರ ಐಸಿಟಿಎಸ್ ಅನ್ನೋ ಥಿಯರೆಟಿಕಲ್ ಸೈನ್ಸ್ ಕೇಂದ್ರದಲ್ಲಿ ವರ್ಷವಿಡೀ ಪ್ರೋಗ್ರಾಂ ಇರುತ್ತೆ, ಹೊರಗಿನ ದೊಡ್ಡ ದೊಡ್ಡವ್ರೆಲ್ಲ ಅಲ್ಲಿಗೇ ಬರ್ತಾರೆ, ಕ್ಯಾಂಟೀನಲ್ಲಿ ಪಕ್ಕದಲ್ಲೇ ಕೂತು ಉಪ್ಪಿಟ್ಟು ತಿಂತಿರ್ತಾರೆ.

ಮಗು ಇರೋ ಹೆಣ್ಮಕ್ಕಳಿಗೆ ಒಂದು ಮಾತು. ಯುರೋಪಿನ ಬಯಾಲಜಿ ಸಂಸ್ಥೆ ಎಂಬೋದ ವರ್ಕ್‌ಶಾಪ್‌ಗಳಲ್ಲಿ ಟ್ರಾವೆಲ್ ಗ್ರ್ಯಾಂಟ್ ಬೇರೆ, ಚೈಲ್ಡ್‌ಕೇರ್ ಗ್ರ್ಯಾಂಟ್ ಬೇರೆ. ನಾನು ಅದರಲ್ಲಿ ನಮ್ಮಮ್ಮನ್ನ ಜೊತೆಗೆ ಕರ್ಕೊಂಡು ಹೋದೆ. ಕೇಳೋಕೆ ಮುಜುಗರ ಆಯ್ತು, ಕೇಳಿದೆ, ಕೊಟ್ರು. ಇಜಿಯು ಲೆಕ್ಕದಲ್ಲಿ ಅರ್ಲಿ ಕರಿಯರ್ ಅಂದ್ರೆ ಕೊನೇ ಡಿಗ್ರಿ ಆಗಿ ಏಳು ವರ್ಷದೊಳಗೆ, ಅಂದ್ರೆ ಪಿಎಚ್‌ಡಿ ಮುಗಿದು ಸಂಸಾರ ಅಂತ ಕೂತವ್ರಿಗೂ ಇನ್ನೂ ಟೈಮ್ ಇರುತ್ತೆ.

ಆಮೇಲೆ ಅಪ್ಲಿಕೇಶನ್‌ನಲ್ಲಿ ಯಾಕೆ ಬರ್ಬೇಕು ಅಂತ ಕೇಳೋ ಪ್ಯಾರಾ ಇರುತ್ತಲ್ಲ, ಎಲ್ರೂ ಅಲ್ಲೇ ಹಾಳು ಮಾಡ್ಕೊಳ್ಳೋದು. ನಾನು ಒಂದೆರಡು ಸಲ ಇಂಥ ಅರ್ಜಿ ಓದೋ ಕಮಿಟೀಲಿ ಕೂತಿದ್ದೆ, ನೂರರಲ್ಲಿ ಎಂಬತ್ತು ಜನ ಈ ಕಾನ್ಫರೆನ್ಸ್ ನನ್ನ ಭವಿಷ್ಯಕ್ಕೆ ತುಂಬಾ ಸಹಾಯಕ, ಪ್ರಖ್ಯಾತ ವಿಜ್ಞಾನಿಗಳ ಜೊತೆ ಬೆರೆಯೋ ಅವಕಾಶ ಅಂತಾನೇ ಬರ್ದಿರ್ತಾರೆ. ಓದಿ ಓದಿ ನಿದ್ದೆ ಬರುತ್ತೆ. ನೀನು ಹಂಗೆ ಬರೀಬೇಡ. ಪೂರ್ವ ಆಫ್ರಿಕಾದ ರಿಫ್ಟ್ ಕಣಿವೇಲೂ ನೀರಲ್ಲಿ ಫ್ಲೋರೈಡ್ ಜಾಸ್ತಿ, ಅಲ್ಲಿ ಜ್ವಾಲಾಮುಖಿ ಕಲ್ಲು, ನಮ್ಮಲ್ಲಿ ಗ್ರಾನೈಟು, ಆ ಡೇಟಾ ಇರೋರು ಈ ಸೆಷನ್‌ನಲ್ಲಿ ಬರ್ತಾರೆ, ಅವ್ರ ಮುಂದೆ ನನ್ ಮಳೆಗಾಲದ ಗ್ರಾಫ್ ಇಟ್ಟು ಈ ಒಂದು ಪ್ರಶ್ನೆ ಕೇಳ್ಬೇಕು ಅಂತ ಬರಿ. ಬಸ್ಸಲ್ಲಿ ಬಾಟಲಿ ಹೊತ್ತಿದ್ದನ್ನೂ ಒಂದು ಸಾಲು ಹಾಕು, ಅಳು ಬರೋ ಥರ ಬೇಡ. ಬಜೆಟ್ ಕೇಳಿದ್ರೆ ರೌಂಡ್ ಫಿಗರ್ ಹಾಕ್ಬೇಡ, ಅವತ್ತಿನ ಟಿಕೆಟ್ ರೇಟಿನ ಸ್ಕ್ರೀನ್‌ಶಾಟ್ ಹಾಕು. ಬೇರೆ ಕಡೆಯಿಂದ ಇಷ್ಟು ಬರುತ್ತೆ ಅಂತ ಇದ್ರೆ ಮುಚ್ಚಿಡ್ಬೇಡ, ಅರ್ಧ ದುಡ್ಡು ಆಗ್ಲೇ ಇರೋರಿಗೆ ಉಳಿದ ಅರ್ಧ ಕೊಡೋಕೆ ಕಮಿಟಿಗೆ ಧೈರ್ಯ ಬರುತ್ತೆ.

ವೀಸಾಗೆ ಶೆಂಗೆನ್ ಆದ್ರೆ ಫೀ 90 ಯೂರೋ, 2024ರ ಜೂನ್‌ನಿಂದ. ಆರು ತಿಂಗಳು ಮೊದ್ಲೇ ಹಾಕ್ಬಹುದು, 30,000 ಯೂರೋ ಕವರ್ ಇರೋ ಇನ್ಶೂರೆನ್ಸ್ ಬೇಕು. ಪೋಸ್ಟರ್ ಕೊಟ್ರೆ ಪೇಪರ್ ಮೇಲೆ ಬೇಡ, ಬಟ್ಟೆ ಮೇಲೆ ಪ್ರಿಂಟ್ ಹಾಕ್ಸು, ಸೀರೆ ಥರ ಮಡಿಚಿ ಬ್ಯಾಗಲ್ಲಿ ಇಡಬಹುದು, ಆ ಉದ್ದದ ಟ್ಯೂಬ್ ಹಿಡ್ಕೊಂಡು ಸೆಕ್ಯುರಿಟೀಲಿ ಬಜೂಕಾ ಥರ ನಿಲ್ಲೋ ಕಷ್ಟ ಇರಲ್ಲ.

ಹುಬ್ಬಳ್ಳಿ_ಕೆಮಿಸ್ಟ್ರಿ

ಬಟ್ಟಿ ಪೋಸ್ಟರ್‌ಗೆ ಇಸ್ತ್ರಿ ಮಾಡ್ಬ್ಯಾಡ್ರಿ ಮತ್ತ. ನಾ ಮಾಡಿ, ಗ್ರಾಫಿನ ಎಕ್ಸ್ ಆಕ್ಸಿಸ್ ಇಸ್ತ್ರಿ ಪೆಟ್ಟಿಗಿಗೆ ಹತ್ತಿತ್ತು.

ಪಾವಗಡ_ಬೋರ್‌ವೆಲ್

ಅಪ್‌ಡೇಟ್, ಮೇ ತಿಂಗಳು. ಆನ್‌ಲೈನ್ ಕೊಟ್ಟೆ. ವಿಯೆನ್ನಾದಲ್ಲಿ ಮಧ್ಯಾಹ್ನ ಎರಡು ಅಂದ್ರೆ ನಮಗೆ ಐದೂವರೆ. ಡಿಪಾರ್ಟ್‌ಮೆಂಟಲ್ಲಿ ಐದಕ್ಕೆ ಕರೆಂಟ್ ಹೋಯ್ತು, ಗೈಡ್ ಅವ್ರ ಕಾರಲ್ಲಿ ಕೂತು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಮಾತಾಡಿದೆ, ಸರ್ ಹೊರಗೆ ನಿಂತು ಹಾರ್ನ್ ಮಾಡೋರನ್ನ ಓಡಿಸ್ತಿದ್ರು. ಕೊನೇಲಿ ಇಥಿಯೋಪಿಯಾದವ್ರು ಒಬ್ರು ನಿನ್ ಪಿಎಚ್ ಡೇಟಾ ಇದೆಯಾ ಕಳ್ಸು ಅಂತ ಚಾಟಲ್ಲಿ ಹಾಕಿದ್ರು. ಅಕ್ಕ, ನೀವು ಹೇಳಿದ್ದ ರಿಫ್ಟ್ ಕಣಿವೆಯವ್ರೇ! ಬ್ಯಾಂಕಾಕ್ ಮೇಲ್ ಡಿಲೀಟ್ ಮಾಡಿದೆ. ಹಸು ಇದೆ, ಈಗ ಕರು ಬೇರೆ ಹಾಕಿದೆ.

ಪಾವಗಡ_ಬೋರ್‌ವೆಲ್

ಹಳೇ ಥ್ರೆಡ್ ಎಬ್ಬಿಸ್ತಿದೀನಿ, ಕ್ಷಮಿಸಿ. ಈ ಸಲ ನವೆಂಬರ್ 20ಕ್ಕೇ ಅಬ್‌ಸ್ಟ್ರಾಕ್ಟ್, ಸಪೋರ್ಟ್ ಅರ್ಜಿ ಎರಡೂ ಹಾಕಿದ್ದೆ. ಇಥಿಯೋಪಿಯಾದವ್ರ ಜೊತೆ ಸೇರಿ ಮಾಡಿದ ಕೆಲ್ಸ, ಈ ಸಲ ಪೋಸ್ಟರ್ ಕೊಟ್ಟಿದಾರೆ. ರಿಜಿಸ್ಟ್ರೇಶನ್ ಪೂರ್ತಿ ಬಿಟ್ಟಿದಾರೆ, ಪ್ರಯಾಣಕ್ಕೂ ಸ್ವಲ್ಪ ಬರುತ್ತೆ, ಅದು ಹೋಗಿ ಬಂದ್ಮೇಲೆ. ಉಳಿದಿದ್ದಕ್ಕೆ ಯೂನಿವರ್ಸಿಟೀಲಿ ಅಡ್ವಾನ್ಸ್ ಅರ್ಜಿ ಕೊಟ್ಟೆ, ಕ್ಲರ್ಕ್ ಇಂಥ ಅರ್ಜಿ ಇದೇ ಮೊದ್ಲು ನೋಡ್ತಿರೋದು ಅಂದ್ರು, 40 ಸಾವಿರ ಕೊಟ್ರು! ಮಿಕ್ಕಿದ್ದು ಸರ್ ಕಾರ್ಡ್.

ಬಿಲ್_ಸೆಕ್ಷನ್ ಸರ್, ಒಂದು ಡೌಟು. ಬೋರ್ಡಿಂಗ್ ಪಾಸ್ ಫೋನಲ್ಲಿ ಇದ್ರೆ ಸಾಕಾ, ಪೇಪರೇ ಬೇಕಾ?

ಬಿಲ್_ಸೆಕ್ಷನ್

ಕೌಂಟರಲ್ಲಿ ಪೇಪರ್ ಕೇಳಿ ತಗೊಳ್ಳಿ, ಕೊಡ್ತಾರೆ. ಅದರ ಫೋಟೋನೂ ಅಲ್ಲೇ ನಿಂತು ತೆಗೆದು ಸರ್‌ಗೆ ವಾಟ್ಸಾಪ್ ಮಾಡ್ಬಿಡಿ, ಇಂಕು ಆರು ತಿಂಗಳಿಗೆ ಅಳಿಸಿ ಹೋಗುತ್ತೆ. ಯಾವ ಪುಸ್ತಕದ ಒಳಗೂ ಇಡ್ಬೇಡಿ.